ಚಿತ್ರದೊಳಗಿನ ಗದ್ದಲ: ಬೆಂಗಳೂರಿನ ಕೊಳವೆಯಿಂದ ದೋಹಾದ ಎಂಆರ್‌ಐ ಕೋಣೆವರೆಗೆ

2013ರಲ್ಲಿ ನಾನು ಎಂಆರ್‌ಐ ತಂತ್ರಜ್ಞನಾಗಿ ದೋಹಾಕ್ಕೆ ಬಂದೆ. ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಗುರುವಾರ ರಾತ್ರಿ ಪಾಳಿಯಲ್ಲಿ ಶಟರಿಂಗ್ ಕೆಲಸದವರೊಬ್ಬರು ಬೆನ್ನುನೋವು ಅಂತ ಸ್ಕ್ಯಾನ್‌ಗೆ ಬಂದರು. ಮಾತಾಡಿಸಿದರೆ ಸಿಂಧನೂರು ಕಡೆಯವರು. ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು. ಯಂತ್ರದೊಳಗೆ ಇಪ್ಪತ್ತು ನಿಮಿಷ ಕಲ್ಲಿನ ಹಾಗೆ ಮಲಗಿದರು, ಒಂದು ಚೂರೂ ಅಲುಗಾಡಲಿಲ್ಲ.

ಪರದೆಯ ಮೇಲೆ ಚಿತ್ರ ಬಂತು. ಬೆನ್ನುಹುರಿ ಚೆನ್ನಾಗೇ ಕಾಣ್ತಿತ್ತು. ಆದರೆ ಹುರಿಯ ಹಿಂಬದಿ, ಬೆಳ್ಳಗೆ ಕಾಣಬೇಕಾದ ನೀರಿನ ನಡುವೆ, ಕಪ್ಪು ಕಪ್ಪು ಮಚ್ಚೆಗಳು. ನನಗೆ ಎದೆ ಧಸಕ್ಕೆಂದಿತು. ಗಂಟಾ? ರಕ್ತನಾಳದ ತೊಡಕಾ? ಮುಖದಲ್ಲಿ ತೋರಿಸಬಾರದು ಅಂದುಕೊಂಡರೂ ತೋರಿಸಿಬಿಟ್ಟೆ ಅಂತ ಕಾಣುತ್ತೆ. ಹೊರಗೆ ಬಂದವರೇ ಕೇಳಿದರು: "ಏನರೆ ಐತೇನ್ರೀ? ವೀಸಾ ಕ್ಯಾನ್ಸಲ್ ಮಾಡಿ ಕಳಸ್ತಾರೇನು? ಊರಾಗ ಮನಿ ಅರ್ಧಕ್ಕ ನಿಂತೈತ್ರೀ."

ನೋವು ಹೋಗುತ್ತಾ ಅಂತ ಕೇಳಲಿಲ್ಲ ಅವರು. ವೀಸಾ ಕೇಳಿದರು. ಇಲ್ಲಿ ಇರುವ ನಮಗೆಲ್ಲ ಇದು ಅರ್ಥವಾಗುತ್ತೆ, ವಿವರಿಸಬೇಕಾಗಿಲ್ಲ.

ಈಜಿಪ್ಟಿನ ಹಿರಿಯ ರೇಡಿಯಾಲಜಿಸ್ಟ್ ಒಬ್ಬರು ಆಗ ಕರ್ತವ್ಯದಲ್ಲಿದ್ದರು. ಚಿತ್ರ ನೋಡಿ ನಕ್ಕರು. "ಇದು ರೋಗ ಅಲ್ಲ, ನೀರು ಓಡಿದ ಗುರುತು. ಬೇರೆ ಸೀಕ್ವೆನ್ಸ್ ಹಾಕಿ ಇನ್ನೊಮ್ಮೆ ತೆಗಿ" ಅಂದರು. ತೆಗೆದೆ. ನಾಲ್ಕು ನಿಮಿಷದ ಕೆಲಸ. ಮಚ್ಚೆ ಒಂದೂ ಇರಲಿಲ್ಲ. ಕೆಳಗಿನ ಒಂದು ಡಿಸ್ಕ್ ಸ್ವಲ್ಪ ಉಬ್ಬಿತ್ತು, ಅಷ್ಟೆ. ಮಾತ್ರೆ, ಫಿಸಿಯೋಥೆರಪಿ ಬರೆದುಕೊಟ್ಟು ಕಳಿಸಿದರು.

ಆದರೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಇಷ್ಟು ದುಬಾರಿ ಯಂತ್ರ ಸುಳ್ಳು ಹೇಳುತ್ತಾ? ಹೇಳಿದರೆ ಯಾಕೆ ಹೇಳುತ್ತೆ? ಅದು ಸುಳ್ಳು ಅಂತ ಮೊದಲು ಕಂಡುಹಿಡಿದವರು ಯಾರು? ಹುಡುಕುತ್ತಾ ಹೋದವನಿಗೆ ಸಿಕ್ಕ ಕಥೆಯನ್ನೇ ಈ ವರ್ಷದ ಸಂಚಿಕೆಗೆ ಬರೆದಿದ್ದೇನೆ. ಅದರಲ್ಲಿ ಬೆಂಗಳೂರು ಬರುತ್ತೆ, ಕತಾರ್ ಬರುತ್ತೆ, ಗ್ರೈಂಡಿಂಗ್ ಮಾಡುವ ನಮ್ಮ ಹುಡುಗರ ಕಣ್ಣೂ ಬರುತ್ತೆ.

ಎರಡು ಥರದ ಗದ್ದಲ

ಎಂಆರ್‌ಐ ಮಾಡಿಸಿಕೊಂಡವರಿಗೆ ಗದ್ದಲ ಅಂದರೆ ಮೊದಲು ನೆನಪಾಗೋದು ಆ ಡಬ ಡಬ ಸದ್ದು. ಅದರಿಂದ ಚಿತ್ರ ಕೆಡುವುದಿಲ್ಲ. ದೊಡ್ಡ ಅಯಸ್ಕಾಂತದ ಒಳಗೆ ಗ್ರೇಡಿಯಂಟ್ ಕಾಯಿಲ್ ಅಂತ ತಂತಿ ಸುರುಳಿಗಳಿವೆ. ಅವುಗಳಲ್ಲಿ ಕರೆಂಟು ಕ್ಷಣಕ್ಕೊಮ್ಮೆ ಬಂದು ಹೋಗುತ್ತೆ. ಅಯಸ್ಕಾಂತದ ನಡುವೆ ಕರೆಂಟು ಹರಿಯುವ ತಂತಿಗೆ ಒದೆ ಬೀಳುತ್ತೆ, ಲೌಡ್‌ಸ್ಪೀಕರ್ ಕೆಲಸ ಮಾಡುವುದೂ ಹೀಗೇ. ಸದ್ದು 100 ಡೆಸಿಬೆಲ್ ದಾಟುವುದೂ ಉಂಟು, ಅದಕ್ಕೇ ಕಿವಿಗೆ ಬಿರಡೆ ಕೊಡ್ತೀವಿ. ಸದ್ದು ಬಂತು ಅಂದರೆ ಯಂತ್ರ ಕೆಟ್ಟಿದೆ ಅಂತಲ್ಲ, ಕೆಲಸ ಮಾಡ್ತಿದೆ ಅಂತ.

ನಾನು ಹೇಳಹೊರಟಿರುವುದು ಎರಡನೆಯ ಗದ್ದಲದ ಬಗ್ಗೆ. ಅದು ಕಿವಿಗೆ ಕೇಳುವುದಿಲ್ಲ, ಚಿತ್ರದಲ್ಲಿ ಕಾಣುತ್ತೆ. ಕೆಲವು ಸಲ ಚಿತ್ರದ ತುಂಬ ಮರಳು ಎರಚಿದ ಹಾಗೆ ಇರುತ್ತೆ, ಅದನ್ನು ನಾಯ್ಸ್ ಅಂತೀವಿ. ಕೆಲವು ಸಲ ಗೆರೆ, ಮಚ್ಚೆ, ನೆರಳು ಹೀಗೆ ಆಕಾರ ಇರುವ ಸುಳ್ಳು ಗುರುತು ಬರುತ್ತೆ, ಅದಕ್ಕೆ ಆರ್ಟಿಫ್ಯಾಕ್ಟ್ ಅನ್ನುತ್ತಾರೆ. ದೇಹದಲ್ಲಿ ಇಲ್ಲದ್ದು ಚಿತ್ರದಲ್ಲಿ ಇರುವುದೇ ಎರಡರ ಗುಣ.

ಯಾಕೆ ಬರುತ್ತೆ? ಯಂತ್ರ ಕೇಳುವ ದನಿ ಬಹಳ ಸಣ್ಣದು. ನಮ್ಮ ದೇಹದ ನೀರಿನಲ್ಲಿ, ಕೊಬ್ಬಿನಲ್ಲಿ ಹೈಡ್ರೋಜನ್ ಇದೆ. ಅದರ ಒಂದೊಂದು ನ್ಯೂಕ್ಲಿಯಸ್ಸೂ ಪುಟ್ಟ ಅಯಸ್ಕಾಂತ. 1.5 ಟೆಸ್ಲಾ ಯಂತ್ರದ ಬಲ ಭೂಮಿಯ ಅಯಸ್ಕಾಂತ ಬಲಕ್ಕಿಂತ ಸುಮಾರು 30 ಸಾವಿರ ಪಟ್ಟು ಹೆಚ್ಚು. ಅಷ್ಟಿದ್ದರೂ ಈ ಪುಟ್ಟ ಅಯಸ್ಕಾಂತಗಳಲ್ಲಿ ಅರ್ಧ ಆ ಕಡೆ, ಅರ್ಧ ಈ ಕಡೆ ತಿರುಗಿ ಒಂದನ್ನೊಂದು ಹೊಡೆದುಹಾಕುತ್ತವೆ. ಲೆಕ್ಕಕ್ಕೆ ಉಳಿಯುವುದು 10 ಲಕ್ಷಕ್ಕೆ ಸುಮಾರು 5 ಮಾತ್ರ. ಅವಕ್ಕೆ ರೇಡಿಯೊ ಅಲೆಯಿಂದ ಒಂದು ತಟ್ಟು ತಟ್ಟಿದರೆ, ತಿರುಗಿ ಸಣ್ಣ ರೇಡಿಯೊ ದನಿ ಕೊಡುತ್ತವೆ. ಆ ಐವರ ಪಿಸುಮಾತನ್ನು ಜಾತ್ರೆಯ ನಡುವೆ ನಿಂತು ಕೇಳುವುದೇ ಎಂಆರ್‌ಐ.

ಜಾತ್ರೆ ಯಾವುದು? 1928ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜಾನ್ಸನ್ ಒಂದು ವಿಷಯ ತೋರಿಸಿದರು. ಬಿಸಿ ಇರುವ ಯಾವ ವಾಹಕವೇ ಆಗಲಿ, ಅದರೊಳಗೆ ಸಣ್ಣ ವಿದ್ಯುತ್ ಗದ್ದಲ ನಡೆಯುತ್ತಲೇ ಇರುತ್ತೆ. ಅಲ್ಲೇ ಇದ್ದ ನೈಕ್ವಿಸ್ಟ್ ಅದಕ್ಕೆ ಲೆಕ್ಕ ಬರೆದರು. ನಮ್ಮ ದೇಹವೂ ಬೆಚ್ಚಗಿದೆ, ಉಪ್ಪುನೀರಿನಿಂದ ತುಂಬಿದೆ, ಹಾಗಾಗಿ ಅದೂ ವಾಹಕ. 1979ರಲ್ಲಿ ಹೌಲ್ಟ್ ಮತ್ತು ಲಾಟರ್‌ಬರ್ ಲೆಕ್ಕ ಹಾಕಿ ತೋರಿಸಿದರು, ಮನುಷ್ಯನನ್ನು ಯಂತ್ರದಲ್ಲಿ ಮಲಗಿಸಿದಾಗ ಗದ್ದಲದ ದೊಡ್ಡ ಪಾಲು ಆ ಮನುಷ್ಯನ ದೇಹದಿಂದಲೇ ಬರುತ್ತೆ ಅಂತ. ಯಂತ್ರ ಎಷ್ಟೇ ಒಳ್ಳೆಯದಾದರೂ ಅದು ಪೂರ್ತಿ ಹೋಗುವುದಿಲ್ಲ.

ಬೆಂಗಳೂರಿನ ಕೊಳವೆ

ಈ ನ್ಯೂಕ್ಲಿಯಸ್‌ಗಳ ದನಿಯನ್ನು ಮೊದಲು ಅಳೆದವರು ಇಸಿಡೋರ್ ರಾಬಿ, 1938ರಲ್ಲಿ. ನೀರಿನಂಥ, ಮೇಣದಂಥ ಸಾಮಾನ್ಯ ವಸ್ತುಗಳಲ್ಲಿ ಅದನ್ನು ಹಿಡಿದವರು ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್, ಬೇರೆ ಬೇರೆ ಊರಿನಲ್ಲಿ ಕೆಲಸ ಮಾಡಿ 1946ರಲ್ಲಿ ಪ್ರಕಟಿಸಿದರು. 1952ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇಷ್ಟನ್ನು ನಮಗೆ ಕಾಲೇಜಿನಲ್ಲಿ ಪಾಠ ಮಾಡಿದ್ದರು.

ಪಾಠ ಮಾಡದೇ ಬಿಟ್ಟದ್ದು 1951ರ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಊರವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಜಿ. ಸೂರ್ಯನ್ ಅನ್ನುವ ಭೌತವಿಜ್ಞಾನಿ ಇದ್ದರು. ಅಯಸ್ಕಾಂತದ ನಡುವೆ ನಿಂತ ನೀರಿನ ದನಿ ಎಲ್ಲರೂ ಕೇಳುತ್ತಿದ್ದರು. ಸೂರ್ಯನ್ ಕೊಳವೆಯಲ್ಲಿ ಹರಿಯುವ ದ್ರವದ ದನಿ ಕೇಳಿದರು. ಹರಿಯುವಾಗ ದನಿಯ ಬಲವೇ ಬದಲಾಗುತ್ತೆ, ನಿಂತ ನೀರಿಗಿಂತ ಹರಿಯುವ ನೀರು ಹೆಚ್ಚು ದನಿ ಕೊಡುತ್ತೆ ಅನ್ನುವುದು ಅವರಿಗೆ ಕಂಡಿತು. ಸಿ. ವಿ. ರಾಮನ್ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು.

ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಇದು ಶಿಫ್ಟ್ ಬದಲಾವಣೆ. ನಿಂತ ನೀರಿನ ನ್ಯೂಕ್ಲಿಯಸ್‌ಗಳಿಗೆ ಮತ್ತೆ ಮತ್ತೆ ರೇಡಿಯೊ ಅಲೆ ತಟ್ಟಿದರೆ ಅವು ದಣಿಯುತ್ತವೆ, ಸುಧಾರಿಸಿಕೊಳ್ಳುವ ಮೊದಲೇ ಇನ್ನೊಂದು ತಟ್ಟು ಬೀಳುತ್ತೆ, ದನಿ ಇಳಿಯುತ್ತೆ. ನೀರು ಹರಿಯುತ್ತಿದ್ದರೆ ದಣಿದವರನ್ನು ಬಸ್ಸು ಹತ್ತಿಸಿ ಹೊಸಬರನ್ನು ಇಳಿಸಿದ ಹಾಗೆ. ಬಂದವರು ತಾಜಾ ಇರುತ್ತಾರೆ, ಜೋರಾಗಿ ಉತ್ತರ ಕೊಡುತ್ತಾರೆ.

ಹಾಗಿದ್ದರೆ ನಮ್ಮ ಸಿಂಧನೂರಿನವರ ಬೆನ್ನಲ್ಲಿ ಹರಿಯುವ ನೀರು ಬೆಳ್ಳಗಾಗುವ ಬದಲು ಕಪ್ಪಗೆ ಯಾಕೆ ಬಂತು? ಅಲ್ಲಿ ಬಳಸಿದ ವಿಧಾನದಲ್ಲಿ ಯಂತ್ರ ಒಮ್ಮೆ ತಟ್ಟಿ ಬಿಡುವುದಿಲ್ಲ. ಒಂದು ಪದರವನ್ನು ಮೊದಲು ತಟ್ಟುತ್ತೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಟ್ಟುತ್ತೆ. ಎರಡೂ ತಟ್ಟು ಬಿದ್ದವರು ಮಾತ್ರ ಉತ್ತರ ಕೊಡಬಲ್ಲರು. ಬೆನ್ನುಹುರಿಯ ಸುತ್ತಲಿನ ನೀರು ಎದೆಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ತುಯ್ಯುತ್ತಿರುತ್ತೆ. ಮೊದಲ ತಟ್ಟು ತಿಂದ ನೀರು ಎರಡನೆಯದರ ಹೊತ್ತಿಗೆ ಪದರ ಬಿಟ್ಟು ಹೋಗಿರುತ್ತೆ. ಹಾಜರಿ ಕೂಗಿದಾಗ ಆಳು ಇಲ್ಲ, ಆ ಜಾಗ ಕಪ್ಪು. ಬೆಳ್ಳಗಾಗಲಿ ಕಪ್ಪಗಾಗಲಿ, ಹರಿಯುವುದು ನಿಂತದ್ದರ ಹಾಗೆ ಉತ್ತರಿಸುವುದಿಲ್ಲ ಅನ್ನುವ ಮೂಲ ಮಾತು 1951ರಲ್ಲೇ ಬೆಂಗಳೂರಿನಲ್ಲಿ ಅಚ್ಚಾಗಿತ್ತು.

ಮುಂದೆ 1959ರಲ್ಲಿ ಕ್ಯಾಲಿಫೋರ್ನಿಯಾದ ಸಿಂಗರ್ ಇದೇ ದಾರಿಯಲ್ಲಿ ಇಲಿಗಳ ಬಾಲದಲ್ಲಿ ರಕ್ತ ಹರಿಯುವುದನ್ನು ಅಳೆದರು. ಈಗ ಮೆದುಳಿನ ರಕ್ತನಾಳದ ಚಿತ್ರವನ್ನು ಯಾವ ಬಣ್ಣದ ಔಷಧಿಯನ್ನೂ ಚುಚ್ಚದೆ ತೆಗೆಯುತ್ತೇವಲ್ಲ, ಅದು ಇದೇ ಶಿಫ್ಟ್ ಬದಲಾವಣೆಯ ತಂತ್ರ. ಒಂದು ಚಿತ್ರದಲ್ಲಿ ಸುಳ್ಳು ಗುರುತು ಆಗಿದ್ದದ್ದೇ ಇನ್ನೊಂದರಲ್ಲಿ ನಿಜವಾದ ಸುದ್ದಿ.

ಮಸುಕು ಚಿತ್ರದಿಂದ ನೊಬೆಲ್‌ವರೆಗೆ

ದನಿ ಕೇಳುವುದು ಒಂದು, ಅದು ದೇಹದ ಯಾವ ಮೂಲೆಯಿಂದ ಬಂತು ಅಂತ ತಿಳಿಯುವುದು ಇನ್ನೊಂದು. 1971ರಲ್ಲಿ ರೇಮಂಡ್ ದಮಾಡಿಯನ್ ಕ್ಯಾನ್ಸರ್ ಗಂಟಿನ ದನಿ ಬೇರೆ ಥರ ಇರುತ್ತೆ ಅಂತ ಇಲಿಗಳ ಅಂಗಾಂಶದಲ್ಲಿ ತೋರಿಸಿದರು. ಅದೇ ವರ್ಷ ಪಾಲ್ ಲಾಟರ್‌ಬರ್‌ಗೆ ಚಿತ್ರ ತೆಗೆಯುವ ಉಪಾಯ ಹೊಳೆಯಿತು. ಅಯಸ್ಕಾಂತದ ಬಲ ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಸ್ವಲ್ಪ ಕಡಿಮೆ ಇರುವ ಹಾಗೆ ಮಾಡಿದರೆ ಒಂದೊಂದು ಜಾಗದ ದನಿ ಒಂದೊಂದು ಶ್ರುತಿಯಲ್ಲಿ ಬರುತ್ತೆ. ಶ್ರುತಿ ನೋಡಿ ಜಾಗ ಹೇಳಬಹುದು. ಎರಡು ಸಣ್ಣ ನೀರಿನ ಕೊಳವೆಗಳ ಚಿತ್ರ ತೆಗೆದು ನೇಚರ್ ಪತ್ರಿಕೆಗೆ ಕಳಿಸಿದರು. ಪತ್ರಿಕೆ ಮೊದಲು ಬೇಡ ಅಂತ ವಾಪಸ್ ಕಳಿಸಿತು. ಚಿತ್ರ ಮಸುಕು ಅನ್ನುವುದೂ ಒಂದು ತಕರಾರು. ಲಾಟರ್‌ಬರ್ ಬಿಡಲಿಲ್ಲ, ಮತ್ತೆ ಬರೆದರು, 1973ರಲ್ಲಿ ಪ್ರಕಟವಾಯಿತು. ಮಸುಕನ್ನೇ ನೋಡಿ ಬಿಟ್ಟಿದ್ದರೆ ಎಂಆರ್‌ಐ ಬರುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಇಲ್ಲಿ ಮತ್ತೆ ಬೆಂಗಳೂರಿನ ನಂಟು ಬರುತ್ತೆ. 1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ವೆಲ್ಟಿ, ರಿಚರ್ಡ್ ಅರ್ನ್ಸ್ಟ್ ಮೂವರೂ ಸೇರಿ ಚಿತ್ರ ಕಟ್ಟುವ ಹೊಸ ದಾರಿ ತೋರಿಸಿದರು. ಫೂರ್ಯೆ ಅನ್ನುವ ಫ್ರೆಂಚ್ ಗಣಿತಜ್ಞನ ಲೆಕ್ಕವನ್ನು ಬಳಸಿದ ದಾರಿ ಅದು. ಪ್ರಬಂಧದಲ್ಲಿ ಮೊದಲ ಹೆಸರು ಅನಿಲ್ ಕುಮಾರ್ ಅವರದ್ದು. ಆಮೇಲೆ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಬೆಂಗಳೂರಿನಲ್ಲೇ ದಶಕಗಳ ಕಾಲ ಕೆಲಸ ಮಾಡಿದರು. ಅರ್ನ್ಸ್ಟ್ ಅವರಿಗೆ 1991ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇವತ್ತಿನ ಎಂಆರ್‌ಐ ಯಂತ್ರಗಳು ನಡೆಯುತ್ತಿರುವುದು ಬಹುಪಾಲು ಆ ದಾರಿಯ ಸುಧಾರಿತ ರೂಪದಲ್ಲೇ.

ಗದ್ದಲದ ಕಥೆಗೆ ಇದು ಮುಖ್ಯ. ಈ ದಾರಿಯಲ್ಲಿ ಚಿತ್ರವನ್ನು ಒಂದೊಂದೇ ಚುಕ್ಕಿಯಾಗಿ ಇಡುವುದಿಲ್ಲ. ಅಳೆದ ಒಂದೊಂದು ಅಂಕಿಯೂ ಇಡೀ ಚಿತ್ರದ ಉದ್ದಗಲಕ್ಕೆ ಹಾಸಿದ ಒಂದೊಂದು ಅಲೆ. ಸಾವಿರಾರು ಅಲೆ ಸೇರಿ ಚಿತ್ರ. ಹಾಗಾಗಿ ಒಂದೇ ಒಂದು ಅಂಕಿ ಕೆಟ್ಟರೂ ಕೆಡುವುದು ಒಂದು ಚುಕ್ಕಿಯಲ್ಲ, ಇಡೀ ಚಿತ್ರದ ಮೇಲೆ ಜಮಖಾನದ ಪಟ್ಟೆಯ ಹಾಗೆ ಗೆರೆ ಬೀಳುತ್ತೆ. ಆ ಪಟ್ಟೆಯ ದಿಕ್ಕು, ಅಂತರ ನೋಡಿದರೆ ಯಾವ ಅಂಕಿ ಕೆಟ್ಟಿದ್ದು ಅಂತಲೂ ಹೇಳಬಹುದು.

ಇನ್ನೊಂದು ತೊಂದರೆ ಅಲುಗಾಟ. 1977ರ ಜುಲೈ 3ರಂದು ದಮಾಡಿಯನ್ ತಂಡ ಮೊದಲ ಸಲ ಜೀವಂತ ಮನುಷ್ಯನ ಎದೆಯ ಚಿತ್ರ ತೆಗೆಯಿತು. ಹತ್ತಿರ ಹತ್ತಿರ 5 ಗಂಟೆ ಹಿಡಿಯಿತು! ಅಷ್ಟು ಹೊತ್ತು ಯಾರು ಅಲುಗಾಡದೆ ಇರುತ್ತಾರೆ? ಉಸಿರಾಡದೆ ಇರಲು ಆಗುತ್ತಾ?

ಇದಕ್ಕೆ ಕೆಲಸಕ್ಕೆ ಬರುವ ಉತ್ತರ ಸಿಕ್ಕಿದ್ದು ಸ್ಕಾಟ್‌ಲೆಂಡಿನ ಅಬರ್ಡೀನ್‌ನಲ್ಲಿ. ಜಾನ್ ಮಲ್ಲಾರ್ಡ್ ಅವರ ವಿಭಾಗದಲ್ಲಿ ಹಚಿಸನ್, ಎಡೆಲ್‌ಸ್ಟೈನ್ ಮತ್ತು ಜೊತೆಗಾರರು ಯಂತ್ರ ಕಟ್ಟಿದ್ದರು. ಚಿತ್ರ ಬರುತ್ತಿತ್ತು, ಆದರೆ ರೋಗಿಯ ಅಲುಗಾಟದಿಂದ ಹಾಳಾಗುತ್ತಿತ್ತು. ಅವರು ಜ್ಯೂರಿಕ್‌ನ ದಾರಿಯನ್ನೇ ತೆಗೆದುಕೊಂಡು ಒಂದು ಬದಲಾವಣೆ ಮಾಡಿದರು. ಗ್ರೇಡಿಯಂಟಿನ ಹೊತ್ತನ್ನು ಹೆಚ್ಚು ಕಡಿಮೆ ಮಾಡುವ ಬದಲು ಅದರ ಬಲವನ್ನು ಹಂತ ಹಂತವಾಗಿ ಬದಲಿಸುತ್ತಾ ಹೋದರು. ಸ್ಪಿನ್ ವಾರ್ಪ್ ಅಂತ ಅದರ ಹೆಸರು. 1980ರ ಆಗಸ್ಟ್ 28ರಂದು ಒಬ್ಬ ಕ್ಯಾನ್ಸರ್ ರೋಗಿಯ ದೇಹದ ಚಿತ್ರ ವೈದ್ಯರು ಓದಿ ಉಪಯೋಗಿಸುವಷ್ಟು ಸ್ಪಷ್ಟವಾಗಿ ಬಂತು. ಆ ಯಂತ್ರದ ಬಲ 0.04 ಟೆಸ್ಲಾ ಮಾತ್ರ. ಅಯಸ್ಕಾಂತ ದೊಡ್ಡದಾಗಿ ಗೆದ್ದದ್ದಲ್ಲ ಅದು, ಚಿತ್ರ ಎಲ್ಲಿ ಕೆಡ್ತಿದೆ ಅಂತ ಕೂತು ಯೋಚಿಸಿ ಗೆದ್ದದ್ದು.

ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್ ಇನ್ನೊಂದು ದಾರಿ ಹಿಡಿದರು: ಒಂದು ಪದರದ ಚಿತ್ರವನ್ನು ಸೆಕೆಂಡಿನ ಒಂದು ಚೂರಿನಲ್ಲೇ ಮುಗಿಸಿಬಿಟ್ಟರೆ ಅಲುಗಾಡಲು ಸಮಯವೇ ಇರುವುದಿಲ್ಲ. ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಸಿಕ್ಕಿತು. ತನ್ನನ್ನು ಬಿಟ್ಟರು ಅಂತ ದಮಾಡಿಯನ್ ದಿನಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಪ್ರತಿಭಟಿಸಿದರು. ಅದು ಯಂತ್ರದ ಹೊರಗಿನ ಗದ್ದಲ, ಬಿಡಿ.

ಒಂದು ಹೆಸರು ಹೇಳದೆ ಮುಂದೆ ಹೋಗಲಾರೆ. 1990ರಲ್ಲಿ, ಜಾನ್ಸನ್ ಇದ್ದ ಅದೇ ಬೆಲ್ ಪ್ರಯೋಗಾಲಯದಲ್ಲಿ, ಜಪಾನಿನ ಸೆಯ್ಜಿ ಒಗಾವಾ ಇಲಿಯ ಮೆದುಳಿನ ಚಿತ್ರದಲ್ಲಿ ಕಪ್ಪು ಗೆರೆಗಳನ್ನು ಕಂಡರು. ಇಲಿ ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಬದಲಿಸಿದರೆ ಗೆರೆಗಳೂ ಬದಲಾದವು. ಆಮ್ಲಜನಕ ಬಿಟ್ಟುಕೊಟ್ಟ ರಕ್ತಕ್ಕೆ ಅಯಸ್ಕಾಂತದ ಗುಣ ಬರುತ್ತೆ ಅಂತ ಪೌಲಿಂಗ್ 1936ರಲ್ಲೇ ತೋರಿಸಿದ್ದರು. ಬೇಡದ ಗೆರೆ ಅಂತ ಒಗಾವಾ ಅದನ್ನು ಅಳಿಸಲಿಲ್ಲ, ಎಲ್ಲಿಂದ ಬಂತು ಅಂತ ಕೇಳಿದರು. ಮೆದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ತೋರಿಸುವ ಎಫ್‌ಎಂಆರ್‌ಐ ಅಲ್ಲಿಂದ ಹುಟ್ಟಿತು.

ರಾಸ್ ಲಫಾನ್‌ನ ಗಾಳಿ

ಗದ್ದಲ ತಗ್ಗಿಸುವುದಕ್ಕೆ ದಾರಿ ಹಲವು. ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ಸರಾಸರಿ ಮಾಡಬಹುದು. ಆದರೆ ಲೆಕ್ಕ ಜಿಪುಣ: 4 ಪಟ್ಟು ಹೊತ್ತು ಕೊಟ್ಟರೆ 2 ಪಟ್ಟು ಸ್ಪಷ್ಟತೆ. ದೇಹಕ್ಕೆ ಅಂಟಿಕೊಂಡಿರುವ ಸಣ್ಣ ಸಣ್ಣ ಕಾಯಿಲ್‌ಗಳನ್ನು ಸಾಲಾಗಿ ಇಡಬಹುದು. ಅವು ಹತ್ತಿರದ ದನಿ ಮಾತ್ರ ಕೇಳುತ್ತವೆ, ದೂರದ ಗದ್ದಲ ಬಿಡುತ್ತವೆ. 1990ರಲ್ಲಿ ರೋಮರ್ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ನಿಮ್ಮ ಎದೆ ಮೇಲೆ ಚಾಪೆಯ ಹಾಗೆ ಕಟ್ಟುವುದು ಅದನ್ನೇ.

ಎಲ್ಲಕ್ಕಿಂತ ನೇರ ದಾರಿ ಅಯಸ್ಕಾಂತದ ಬಲ ಹೆಚ್ಚಿಸುವುದು. ಬಲ ಹೆಚ್ಚಿದರೆ ದನಿ ಹೆಚ್ಚು. ಅಷ್ಟು ಬಲಕ್ಕೆ ಅತಿವಾಹಕ ತಂತಿ ಬೇಕು, ಅದಕ್ಕೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಬೇಕು. ಹಾಲೆಂಡಿನ ಕಾಮರ್‌ಲಿಂಗ್ ಓನ್ಸ್ 1908ರಲ್ಲಿ ಹೀಲಿಯಂ ಅನ್ನು ದ್ರವ ಮಾಡಿದರು, 1911ರಲ್ಲಿ ಅತಿವಾಹಕತೆ ಕಂಡರು.

ಆ ಹೀಲಿಯಂ ಎಲ್ಲಿಂದ ಬರುತ್ತೆ? ನಮ್ಮಲ್ಲಿ ಎಷ್ಟೋ ಜನ ಬೆವರು ಸುರಿಸಿದ ರಾಸ್ ಲಫಾನ್‌ನಿಂದ. ಉತ್ತರದ ಸಮುದ್ರದಡಿಯ ಅನಿಲ ನಿಕ್ಷೇಪದಲ್ಲಿ ಹೀಲಿಯಂ ಇರುವುದು 10 ಸಾವಿರ ಪಾಲಿಗೆ ಸುಮಾರು 4 ಪಾಲು. ಅಷ್ಟೇ ಇದ್ದರೂ ಅನಿಲದ ರಾಶಿ ದೊಡ್ಡದು. 2005ರಲ್ಲಿ ಮೊದಲ ಹೀಲಿಯಂ ಘಟಕ, 2013ರಲ್ಲಿ ಎರಡನೆಯದು ಶುರುವಾಗಿ, ಕತಾರ್ ಜಗತ್ತಿನ ಅತಿ ದೊಡ್ಡ ಹೀಲಿಯಂ ಉತ್ಪಾದಕರ ಸಾಲಿಗೆ ಸೇರಿತು. 2017ರ ಜೂನ್ 5ರಂದು ದಿಗ್ಬಂಧನ ಬಂದಾಗ ಅಂಗಡಿಯಲ್ಲಿ ಹಾಲಿಗೆ ಸಾಲು ನಿಂತದ್ದು ನಿಮಗೆಲ್ಲ ನೆನಪಿದೆ. ನನಗೆ ಇನ್ನೊಂದು ನೆನಪಿದೆ. ಹೀಲಿಯಂ ರಸ್ತೆ ಮೂಲಕ ಸೌದಿ ದಾಟಿ ಹೊರದೇಶಕ್ಕೆ ಹೋಗುತ್ತಿತ್ತು, ಗಡಿ ಮುಚ್ಚಿತು, ಘಟಕಗಳು ನಿಂತವು. ಬೇರೆ ಬೇರೆ ದೇಶದ ಆಸ್ಪತ್ರೆಗಳಲ್ಲಿ ಅಯಸ್ಕಾಂತಕ್ಕೆ ಹೀಲಿಯಂ ಸಿಗುತ್ತಾ ಅಂತ ಆತಂಕ. ಕೆಲವು ವಾರದ ಮೇಲೆ ಬೇರೆ ಸಮುದ್ರದಾರಿ ಹಿಡಿದು ಸಾಗಣೆ ಮತ್ತೆ ಶುರುವಾಯಿತು. ನಮ್ಮೂರಿನ ಆಸ್ಪತ್ರೆಯಲ್ಲಿ ಯಾರದೋ ಅಜ್ಜಿಯ ತಲೆಯ ಚಿತ್ರ ಸ್ಪಷ್ಟ ಬಂದರೆ, ಅದರ ಹಿಂದೆ ಇಲ್ಲಿ ಪೈಪು ಬೆಸೆದವನ ಕೈಯೂ ಇರಬಹುದು ಅಂತ ಆಗ ಅನ್ನಿಸಿತು.

ಗುರುತು ನೋಡಿ ಕಳ್ಳನ ಹಿಡಿಯುವುದು

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಲಿತದ್ದು, ಒಂದೊಂದು ಗದ್ದಲಕ್ಕೂ ಅದರದೇ ಹೆಜ್ಜೆಗುರುತು ಇದೆ.

ಚಿತ್ರದ ನಡುವೆ ಪ್ಯಾಂಟಿನ ಜಿಪ್ಪಿನ ಹಾಗೆ ಒಂದು ಗೆರೆ ಬಂದರೆ ಹೊರಗಿನ ರೇಡಿಯೊ ಅಲೆ ಒಳಗೆ ನುಗ್ಗಿದೆ ಅಂತ. 1.5 ಟೆಸ್ಲಾದಲ್ಲಿ ಹೈಡ್ರೋಜನ್ ದನಿ ಸುಮಾರು 64 ಮೆಗಾಹರ್ಟ್ಸ್, ಎಫ್‌ಎಂ ಸ್ಟೇಷನ್‌ಗಳಿಗಿಂತ ಸ್ವಲ್ಪ ಕೆಳಗೆ. ಹೊರಗಿನ ಅಲೆ ತಡೆಯಲು ಇಡೀ ಕೋಣೆಗೆ ತಾಮ್ರದ ಕವಚ ಹಾಕಿರುತ್ತಾರೆ, ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿದ ಪಂಜರವೇ ಅದು. ಒಮ್ಮೆ ನನ್ನ ಪಾಳಿಯಲ್ಲೇ ಈ ಗೆರೆ ಬಂತು. ಯಂತ್ರ ಕೆಟ್ಟಿದೆ ಅಂತ ಇಂಜಿನಿಯರ್‌ಗೆ ಫೋನ್ ಮಾಡಿದೆ. 40 ನಿಮಿಷ ಹೋಯಿತು. ಕೊನೆಗೆ ನೋಡಿದರೆ ಬಾಗಿಲು ಪೂರ್ತಿ ಕೂತಿರಲಿಲ್ಲ, ಅಂಚಿನ ತಾಮ್ರದ ಹಲ್ಲುಗಳಲ್ಲಿ ಧೂಳು. ತಪ್ಪು ನನ್ನದೇ, ಬಾಗಿಲು ನೋಡಬೇಕಿತ್ತು. ಆ ರೋಗಿ ಅಷ್ಟು ಹೊತ್ತೂ ತನಗೇ ಏನೋ ಆಗಿದೆ ಅಂತ ಗಾಬರಿಯಲ್ಲಿ ಮಲಗಿದ್ದರು. ಆವತ್ತಿನಿಂದ ಕಾರಣ ಹೇಳದೆ ಯಾರನ್ನೂ ಕಾಯಿಸುವುದಿಲ್ಲ.

ಜಮಖಾನದ ಪಟ್ಟೆ ಬಂದರೆ ಎಲ್ಲೋ ಕಿಡಿ ಹಾರಿದೆ. ಎಸಿ ಗಾಳಿ ಒಣಗಿದಾಗ ಸ್ಥಾಯಿ ವಿದ್ಯುತ್ ಕೂಡಿಕೊಂಡು ಕಣ್ಣಿಗೆ ಕಾಣದ ಕಿಡಿ ಹಾರುತ್ತೆ, ಸಡಿಲವಾದ ಒಂದು ಸ್ಕ್ರೂ ಸಾಕು. ಹೊಟ್ಟೆಯ ಅಂಚು ನೆರಳು ನೆರಳಾಗಿ ಮೇಲೆ ಕೆಳಗೆ ಕಾಣಿಸಿದರೆ ಉಸಿರಾಟ. ಅದು ಒಂದೇ ದಿಕ್ಕಿನಲ್ಲಿ ಬರುತ್ತೆ, ಯಾಕಂದರೆ ಚಿತ್ರದ ಒಂದು ದಿಕ್ಕನ್ನು ಮಿಲಿಸೆಕೆಂಡುಗಳಲ್ಲಿ ಓದುತ್ತೇವೆ, ಇನ್ನೊಂದು ದಿಕ್ಕಿಗೆ ನಿಮಿಷಗಟ್ಟಲೆ ಬೇಕು.

ಈ ಉಸಿರಿನ ನೆರಳಿನ ಬಗ್ಗೆ ಒಂದು ಮಾತು. ಬೆಳಗಾವಿ ಕಡೆಯ ಒಬ್ಬ ಡ್ರೈವರ್‌ಗೆ ಹೊಟ್ಟೆಯ ಸ್ಕ್ಯಾನ್ ಇತ್ತು. ಯಂತ್ರದಲ್ಲಿ ರೆಕಾರ್ಡ್ ಮಾಡಿದ ದನಿ ಇಂಗ್ಲಿಷಿನಲ್ಲಿ ಉಸಿರು ಹಿಡಿ ಅನ್ನುತ್ತೆ. ಆತನಿಗೆ ಅದು ಗೊತ್ತಾಗದೆ ಪ್ರತಿ ಸಲ ಇನ್ನಷ್ಟು ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದ. ಮೂರು ಸಲ ಕೆಟ್ಟಿತು. ಸಹೋದ್ಯೋಗಿ ಬೇಸತ್ತು ನನ್ನನ್ನು ಕರೆದರು. ನಾನು ಮೈಕಿನಲ್ಲಿ "ಅಣ್ಣಾ, ಉಸಿರು ಬಿಡು, ಹಂಗೇ ಹಿಡಕೋ, ನಾ ಹೇಳೋತನಕ ತಗೋಬ್ಯಾಡ" ಅಂದೆ. ನಾಲ್ಕನೆಯ ಸಲಕ್ಕೆ ಕನ್ನಡಿಯ ಹಾಗೆ ಬಂತು. ಅಲ್ಲಿದ್ದದ್ದು ಭಾಷೆಯ ಗದ್ದಲ. ಅದಕ್ಕೆ ಯಾವ ಕಾಯಿಲ್ಲೂ ಬೇಕಾಗಲಿಲ್ಲ.

ಈಗ ಗದ್ದಲ ಅಳಿಸುವ ಎಐ ಸಾಫ್ಟ್‌ವೇರ್ ಬಂದಿದೆ. ಒಳ್ಳೆಯದೇ, ಸ್ಕ್ಯಾನ್ ಬೇಗ ಮುಗಿಯುತ್ತೆ. ಆದರೆ ಮರಳನ್ನು ಒರೆಸುವ ಬಟ್ಟೆ ಸಣ್ಣ ಕಾಳನ್ನೂ ಒರೆಸಿಬಿಡಬಹುದು, ಇಲ್ಲದ ಕಾಳನ್ನು ಬರೆಯಲೂಬಹುದು. ಗದ್ದಲವನ್ನು ಅಳಿಸುವ ಮೊದಲು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ಬಿಡಬಾರದು. ಸೂರ್ಯನ್ ಅವರಿಂದ ಒಗಾವಾವರೆಗೆ ಎಲ್ಲರೂ ಮಾಡಿದ್ದು ಅದನ್ನೇ.

ನಿಮಗೆ ನಾಲ್ಕು ಮಾತು

ಸ್ನೇಹಿತರೇ, ನಿಮ್ಮಲ್ಲಿ ಯಾರಿಗಾದರೂ ನಾಳೆ ಎಂಆರ್‌ಐ ಬರೆದುಕೊಟ್ಟರೆ ಇಷ್ಟು ನೆನಪಿಡಿ.

ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ವೆಲ್ಡಿಂಗ್, ಗ್ರೈಂಡಿಂಗ್, ಕಬ್ಬಿಣ ಕತ್ತರಿಸುವ ಕೆಲಸ ಎಂದಾದರೂ ಮಾಡಿದ್ದರೆ, ಕಣ್ಣಿಗೆ ಚೂರು ಹಾರಿದ್ದು ನೆನಪಿದ್ದರೆ, ಹತ್ತು ವರ್ಷದ ಹಿಂದಿನದಾದರೂ ಹೇಳಿ. ಮೈಯೊಳಗಿನ ಲೋಹ ಚಿತ್ರದಲ್ಲಿ ದೊಡ್ಡ ಕಪ್ಪು ಗುಂಡಿ ಮಾಡುತ್ತೆ, ಅದು ಸಣ್ಣ ತೊಂದರೆ. ಕಣ್ಣೊಳಗಿನ ಕಬ್ಬಿಣದ ಚೂರು ಅಯಸ್ಕಾಂತಕ್ಕೆ ಅಲುಗಾಡಿದರೆ ದೃಷ್ಟಿಯೇ ಹೋಗಬಹುದು. ಹಿಂದೆ ತಗಡಿನ ಕೆಲಸ ಮಾಡಿದ್ದವರೊಬ್ಬರಿಗೆ ಹೀಗೆ ಒಂದು ಕಣ್ಣು ಹೋದದ್ದು 1986ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಕಣ್ಣಿನ ಎಕ್ಸ್‌ರೇ ತೆಗೆಯುತ್ತೇವೆ ಅಂದರೆ ಬೇಡ ಅನ್ನಬೇಡಿ. ಹೇಳಿದರೆ ಕೆಲಸಕ್ಕೆ ತೊಂದರೆ ಆಗುತ್ತೆ ಅಂತ ಮುಚ್ಚಿಡಬೇಡಿ, ನಾವು ಕೇಳುವುದು ನಿಮ್ಮ ಕಣ್ಣಿಗಾಗಿ.

ಎರಡು, ಫಾರ್ಮಿನಲ್ಲಿ ಇರುವುದು ಅರ್ಥವಾಗದಿದ್ದರೆ ಸಹಿ ಹಾಕುವ ಮೊದಲು ಕೇಳಿ. ಕನ್ನಡದವರು ಇಲ್ಲದಿದ್ದರೆ ಹಿಂದಿ, ಮಲಯಾಳಂ ಬಲ್ಲವರು ಸಿಗುತ್ತಾರೆ. ಆಪರೇಷನ್‌ನಲ್ಲಿ ಹಾಕಿದ ರಾಡು, ಪೇಸ್‌ಮೇಕರ್, ಏನಿದ್ದರೂ ಹೇಳಿ.

ಮೂರು, ಸದ್ದಿಗೆ ಹೆದರಬೇಡಿ, ಕೈಗೆ ಕೊಟ್ಟ ರಬ್ಬರ್ ಚೆಂಡು ಒತ್ತಿದರೆ ನಾವು ತಕ್ಷಣ ಬರುತ್ತೇವೆ. ಒತ್ತುವುದು ಅವಮಾನವೇನಲ್ಲ. ಹೆದರಿ ಒಳಗೊಳಗೇ ನಡುಗುವುದಕ್ಕಿಂತ ಒತ್ತಿ ಹೊರಗೆ ಬಂದು ನೀರು ಕುಡಿದು ಮತ್ತೆ ಮಲಗುವುದು ಮೇಲು.

ನಾಲ್ಕು, "ಇನ್ನೊಮ್ಮೆ ತೆಗೆಯಬೇಕು" ಅಂದರೆ ದೊಡ್ಡ ರೋಗ ಸಿಕ್ಕಿದೆ ಅಂತ ಅರ್ಥವಲ್ಲ. ಬಹಳ ಸಲ ಅದು ನೀರಿನ ಓಟ, ಉಸಿರಿನ ನೆರಳು, ಬಾಗಿಲಿನ ಧೂಳು. ನಮ್ಮ ಮುಖ ನೋಡಿ ಫಲಿತಾಂಶ ಊಹಿಸಬೇಡಿ. ನಾವೂ ಹೆದರುತ್ತೇವೆ, ನಾವೂ ತಪ್ಪುತ್ತೇವೆ. ವೈದ್ಯರ ವರದಿ ಬರುವ ತನಕ ಕಾಯಿರಿ, ಊರಿಗೆ ಫೋನ್ ಮಾಡಿ ಮನೆಯವರನ್ನು ಅಳಿಸಬೇಡಿ.

ಆ ಸಿಂಧನೂರಿನವರು ಎರಡು ವರ್ಷ ಬಿಟ್ಟು ಒಂದು ಶುಕ್ರವಾರ ನಜ್ಮಾದ ಮಾರ್ಕೆಟ್ಟಿನಲ್ಲಿ ಸಿಕ್ಕರು. ಗುರುತು ಹಿಡಿದು ಅವರೇ ಮಾತಾಡಿಸಿದರು. ಬೆನ್ನು ಪರವಾಗಿಲ್ಲ, ಮಳೆಗಾಲದಲ್ಲಿ ಊರಿಗೆ ಹೋದಾಗ ಸ್ವಲ್ಪ ಹಿಡಿಯುತ್ತೆ ಅಂದರು. ಮನೆಗೆ ಆರ್‌ಸಿಸಿ ಬಿದ್ದಿದೆಯಂತೆ. ಆವತ್ತು ಕಂಡದ್ದು ಏನು ಅಂತ ಕೇಳಿದರು. ನೀರು ಓಡಿದ ಗುರುತು ಅಂದೆ. "ನೀರು ಓಡ್ಲಿ ಬಿಡ್ರೀ, ನಿಂತ್ರ ತ್ರಾಸು" ಅಂದು ತರಕಾರಿ ಚೀಲ ಎತ್ತಿಕೊಂಡು ಹೋದರು.